ಹೊಟ್ಟೆಯ ಮೇಲಿಟ್ಟ ಕ್ಯಾಮೆರಾ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದ ನಮ್ಮ ಹೊಸ ಮನೆಯ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಏಳು ತಿಂಗಳ ಬಸುರಿ. ನನ್ನವರು ಆಫೀಸಿನ ಗೆಳೆಯರೊಬ್ಬರಿಂದ ಡಬ್ಬಿ ಕ್ಯಾಮೆರಾ ಎರವಲು ತಂದರು. ಮೊದಲ ಫೋಟೋ ನನ್ನದೇ ಎಂದು ಮಲ್ಲಿಗೆ ಮುಡಿದು ನಿಂತೆ.

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. "ಬಸುರಿ ಫೋಟೋ ತೆಗೀತಾರೇನೋ? ದೃಷ್ಟಿ ಆಗುತ್ತೆ. ಹೆರಿಗೆ ಆಗೋವರೆಗೂ ಇವಳು ಆ ಡಬ್ಬಿ ಮುಂದೆ ನಿಲ್ಲಕೂಡದು."

ನನ್ನವರು ತಾಯಿಯ ಎದುರು ಬಾಯಿ ಬಿಡುವವರಲ್ಲ. ನಾನೇ ಹೇಳಿದೆ: "ಆಯ್ತು ಅತ್ತೆ, ಮುಂದೆ ನಿಲ್ಲಲ್ಲ. ಹಿಂದೆ ನಿಲ್ತೀನಿ." ಕ್ಯಾಮೆರಾ ನನ್ನ ಕೈಗೆ ಬಂತು. ಅತ್ತೆ ಅಡುಗೆಮನೆಗೆ ಮರಳಿದರು.

ಅದನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಬೇಕಿತ್ತು. ನನ್ನವರು ಹಿಡಿದರೆ ಕ್ಯಾಮೆರಾ ಅಲುಗಾಡುತ್ತಿತ್ತು. ನನಗೋ ದೇವರೇ ಸ್ಟ್ಯಾಂಡ್ ಕೊಟ್ಟಿದ್ದ! ಹೊಟ್ಟೆಯ ಮೇಲಿಟ್ಟುಕೊಂಡು ಮನೆಯೆಲ್ಲಾ ಸುತ್ತಿದೆ. ಆರಾಮಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಮಾವ ಸಿಕ್ಕರು. ಪಂಚೆ ಎತ್ತಿಕಟ್ಟಿ, ಹಲ್ಲಿಗೆ ಹೆದರಿ ಸ್ಟೂಲ್ ಹತ್ತಿದ್ದ ನನ್ನವರೂ ಸಿಕ್ಕರು. ಎರಡು ಅಂಗುಲದ ಹಲ್ಲಿ ಅದು.

ಮೂರನೇ ದಿನ ಅತ್ತೆ ಮೆಲ್ಲಗೆ ಬಂದರು. "ಏನೇ, ಎಲ್ಲಾರ್ದೂ ತೆಗ್ದೆ. ನಾನೇನು ಈ ಮನೇಲಿ ಇಲ್ವಾ?"

ಮದುವೆಯ ರೇಷ್ಮೆ ಸೀರೆ ಉಟ್ಟು, ವಜ್ರದ ಓಲೆ ಹಾಕಿ ಜಗಲಿಯ ನೆರಳಲ್ಲಿ ಕುಳಿತರು. ನೆರಳಾದರೆ ಗುಂಡಿ ಒತ್ತಿ ಎರಡು ಎಣಿಸಿ ಬಿಡಬೇಕು. ಒಂದು ಎನ್ನುವಷ್ಟರಲ್ಲಿ ಹೊಟ್ಟೆಯೊಳಗಿನವರು ಜಾಡಿಸಿ ಒದ್ದರು. ಕ್ಯಾಮೆರಾ ಕೈಯಲ್ಲೇ ಹಾರಿತು. "ಬಲು ಚೆನ್ನಾಗಿ ಬಂತು ಅತ್ತೆ," ಎಂದು ಸುಳ್ಳು ಹೇಳಿದೆ.

ವಿಲ್ಸನ್ ಗಾರ್ಡನ್ನಿನ ಸ್ಟುಡಿಯೋದಿಂದ ಫೋಟೋಗಳು ಬಂದವು. ಅತ್ತೆಗೆ ಎರಡು ತಲೆ, ನಾಲ್ಕು ಓಲೆ. ಮಾವ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. "ಒಂದನ್ನೇ ಮೂವತ್ತು ವರ್ಷ ಕಷ್ಟಪಟ್ಟು ಸಂಭಾಳಿಸಿದೀನಿ!"

"ನಾನಲ್ಲ ಅತ್ತೆ, ಇಲ್ಲಿಂದ ಒದ್ದಿದ್ದು," ಎಂದು ಹೊಟ್ಟೆ ತೋರಿಸಿದೆ. ಗದರಲೆಂದೇ ಅವರು ಅಲ್ಲಿ ಕೈಯಿಟ್ಟರು. ಕೈಗೂ ಒಂದು ಒದೆ ಬಿತ್ತು. ಕೈಯನ್ನು ಅಲ್ಲೇ ಇಟ್ಟುಕೊಂಡರು. ಆಮೇಲೆ ಮಗನ ಕಡೆ ತಿರುಗಿದರು. "ಇನ್ನೊಂದು ರೋಲ್ ತಗೊಂಡ್ ಬಾರೋ. ಇವಳ್ದು ನಾನೇ ತೆಗೀತೀನಿ. ಮನೆಯವರ ದೃಷ್ಟಿ ಏನೂ ಮಾಡಲ್ಲ."

ತೆಗೆದರು. ಕುತ್ತಿಗೆಯಿಂದ ಮೊಣಕಾಲಿನವರೆಗೆ ನಾನಿದ್ದೇನೆ, ಮುಖವಿಲ್ಲ. "ಬೇಕಂತ್ಲೇ ಬಿಟ್ಟೆ. ಯಾರ ಹೊಟ್ಟೆ ಅಂತ ಗೊತ್ತಾಗಬಾರ್ದು," ಎಂದರು ಗಂಭೀರವಾಗಿ.

ನಾನು ನಂಬಿಯೇ ಬಿಟ್ಟೆ. ಆದರೆ ಮಗಳ ನಾಮಕರಣದ ದಿನ, ಮತ್ತೆ ಎರವಲು ತಂದಿದ್ದ ಕ್ಯಾಮೆರಾವನ್ನು ಯಾರಿಗೂ ಕೊಡದೆ ಅವರೇ ಹಿಡಿದರು. ಆ ಫೋಟೋದಲ್ಲಿ ಮಾವನಿಗೆ, ನನ್ನವರಿಗೆ, ನನಗೆ, ಪುರೋಹಿತರಿಗೆ, ಯಾರಿಗೂ ತಲೆಯಿಲ್ಲ. ನನ್ನ ತೊಡೆಯ ಮೇಲಿದ್ದ ಮಗಳೊಬ್ಬಳು ಮಾತ್ರ ಪೂರ್ತಿ ಬಂದಿದ್ದಾಳೆ.