ನಾಲ್ಕು ಮುಖದ ಛತ್ರಿ

2023ರ ಫೆಬ್ರವರಿ. ಕಂಪನಿಗಳ ಹೆಸರು, ಗುರುತು ಅಚ್ಚು ಹಾಕಿದ ಛತ್ರಿಗಳನ್ನು ವಿನ್ಯಾಸ ಮಾಡಿಕೊಡುವ ನನ್ನ ಕಾರ್ಖಾನೆಗೆ ಆಗ ಇಪ್ಪತ್ತೆಂಟು ವರ್ಷ. ಕಾರ್ಖಾನೆ ಎಂದರೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎರಡು ಕೋಣೆ, ಮೂರು ಹೊಲಿಗೆ ಯಂತ್ರ ಮತ್ತು ಹೊಲಿಗೆಯ ಖಾಜಾ ಮಾಸ್ತರ್. ನಮ್ಮೂರಿನಲ್ಲಿ ಛತ್ರಿ ನಂಬಿ ಬದುಕುವವನ ಬುದ್ಧಿಯ ಬಗ್ಗೆ ಜನರಿಗೆ ಮೊದಲಿನಿಂದಲೂ ಅನುಮಾನ. ಮಳೆ ಇಲ್ಲಿಗೆ ಬಂದುಹೋಗುವ ನೆಂಟ, ಬಿಸಿಲು ಮನೆಅಳಿಯ. ನಾನು ಮನೆಅಳಿಯನನ್ನು ನಂಬಿದವನು.

ಆ ತಿಂಗಳು ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರಾದ ಪಂಪನಗೌಡರು ಬಂದರು. ಗಿರಣಿಯ ಕಣದಲ್ಲಿ ಒಣಹಾಕಿದ ಭತ್ತವನ್ನು ಹಕ್ಕಿ, ಆಡುಗಳಿಂದ ಕಾಯುವ ಹುಲಿಗೆಮ್ಮ ಎಂಬಾಕೆ ಹಿಂದಿನ ಬೇಸಿಗೆಯಲ್ಲಿ ತಲೆ ಸುತ್ತಿ ಬಿದ್ದಿದ್ದಳು. ಇನ್ನೊಮ್ಮೆ ಬಿಸಿಲು ತಾಗಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರಂತೆ.

“ಅರವತ್ತು ಛತ್ರಿ ಬೇಕ್ರಿ, ಆಳಿಗೊಂದು. ಮೂಲ್ಯಾಗ ನಮ್ಮಪ್ಪಾರದು ಒಂದ್ ಸಣ್ಣ ಫೋಟೊ ಇರ್ಲಿ,” ಎಂದರು ಗೌಡರು. ಗಿರಣಿ ಕಟ್ಟಿದ ಅವರ ತಂದೆ ದೊಡ್ಡಗೌಡರು ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು.

ಇಲ್ಲಿ ನನ್ನ ವೃತ್ತಿಯ ಅಹಂಕಾರ ತಲೆಯೆತ್ತಿತು. ಛತ್ರಿಯ ಬಟ್ಟೆ ಎಂದರೆ ಎಂಟು ತ್ರಿಕೋನ ತುಂಡುಗಳ ಜೋಡಣೆ. ಒಂದೊಂದನ್ನೂ ಪ್ಯಾನೆಲ್ ಎನ್ನುತ್ತೇವೆ. ಒಂದೇ ಪ್ಯಾನೆಲ್‌ನಲ್ಲಿ ಚಿತ್ರವಿದ್ದರೆ ಒಂದೇ ಕಡೆಯವರಿಗೆ ಕಾಣುತ್ತದೆ.

“ಸಣ್ಣದ್ಯಾಕ್ರಿ ಗೌಡ್ರ? ಒಂದು ಬಿಟ್ಟು ಒಂದು, ನಾಕು ಪ್ಯಾನೆಲ್‌ಗೆ ದೊಡ್ಡದಾಗೇ ಹಾಕೋಣು. ಯಾವ ದಿಕ್ಕಿಗೆ ನಿಂತ್ರೂ ದೊಡ್ಡಗೌಡ್ರು ಕಾಣ್ಬೇಕು,” ಎಂದೆ.

ಗೌಡರ ಕಣ್ಣು ತುಂಬಿದವು. ಖಾಜಾ ಮಾಸ್ತರ್ ಮಾತ್ರ ಯಂತ್ರ ನಿಲ್ಲಿಸಿ, “ಸೀದಾ ಬ್ರಹ್ಮನ್ನ ಮಾಡಾಕ ಹೊಂಟೀರಲ್ರಿ ಸಾವ್ಕಾರ್ರ,” ಎಂದರು. ನಾನು ಅದನ್ನು ಹೊಗಳಿಕೆಯೆಂದು ಸ್ವೀಕರಿಸಿದೆ.

ದೊಡ್ಡಗೌಡರ ಒಳ್ಳೆಯ ಫೋಟೊ ಇದ್ದದ್ದು ಕುರುಗೋಡಿನಲ್ಲಿ, ಅವರ ಮಗಳ ಮನೆಯಲ್ಲಿ. ಬಸ್ಸು ಹಿಡಿದು ಹೋಗಿ ತಂದೆ. ಗಾಳಿಗೆ ಮುರಿಯದ ಫೈಬರ್ ಕಡ್ಡಿ, ಒಳಮೈಗೆ ಬಿಸಿಲು ತಡೆಯುವ ಬೆಳ್ಳಿ ಲೇಪನ, ಯಾವುದಕ್ಕೂ ಕೈ ಬಿಗಿ ಹಿಡಿಯಲಿಲ್ಲ. ಮುಖದ ಬಣ್ಣವನ್ನು ಐದು ಸಲ ತಿದ್ದಿದೆ. ಕಡೆಗೊಮ್ಮೆ ಬಿಚ್ಚಿ ನೋಡಿದರೆ ದೊಡ್ಡಗೌಡರು ಇನ್ನೇನು ಕೆಮ್ಮುವಂತಿದ್ದರು.

ಏಪ್ರಿಲ್‌ನಲ್ಲಿ ಛತ್ರಿಗಳ ಹಂಚಿಕೆಯಾಯಿತು. ಮೇ ತಿಂಗಳಲ್ಲಿ ಕ್ಯಾಟಲಾಗಿಗೆ ಚಿತ್ರ ತೆಗೆಯಲೆಂದು ಸಿರುಗುಪ್ಪಕ್ಕೆ ಹೋದೆ. ಇಡೀ ಕಣದಲ್ಲಿ ಒಂದೇ ಒಂದು ಛತ್ರಿ ಬಿಚ್ಚಿರಲಿಲ್ಲ. ಹುಲಿಗೆಮ್ಮ ತಲೆಗೆ ಸೆರಗು ಹೊದ್ದು, ಕಾದ ಸಿಮೆಂಟಿನ ಅಂಚಿಗೆ ಕೂತಿದ್ದಳು.

“ಛತ್ರಿ ಎಲ್ಲೈತವ್ವ?”

“ಮನ್ಯಾಗ, ದೇವ್ರ ಜಗಲಿ ಮ್ಯಾಲ ಇಟ್ಟೀನ್ರಿ. ದಿನಾ ಊದಿನಕಡ್ಡಿ ಹಚ್ತೀನಿ.”

“ಅದನ್ನ ಬಿಸ್ಲಿಗೆ ಹಿಡ್ಕೊಳ್ಳಾಕ ಮಾಡಿದ್ದು!”

“ಏನ್ ಮಾತಂತ ಆಡ್ತೀರಿ ಯಪ್ಪಾ? ನನ್ ಮದಿವಿಗೆ ಸೀರಿ ಉಡಿಸಿದೋರು ಅವ್ರು. ಅವ್ರನ್ನ ಬಿಸ್ಲಾಗ ನಿಂದ್ರಿಸಿ ನಾ ನೆಳ್ಳಾಗ ಕುಂದ್ರಲೇನು?”

“ಅದೂ ನಾಕ್ ನಾಕ್ ಮಂದೀನ!” ಎಂದಳು ಪಕ್ಕದಾಕೆ.

ಮೂಲೆಯಲ್ಲಿ ಸಣ್ಣ ಫೋಟೊ ಇದ್ದಿದ್ದರೆ ಸೆರಗಿನ ತುದಿಯಿಂದಾದರೂ ಮುಚ್ಚಿ ಹಿಡಿಯುತ್ತಿದ್ದರೇನೋ. ನಾನು ನಾಲ್ಕು ದಿಕ್ಕಿಗೂ ದೊಡ್ಡಗೌಡರನ್ನು ಕೂರಿಸಿಬಿಟ್ಟಿದ್ದೆ.

ಗೌಡರ ಕಚೇರಿಗೆ ಓಡಿದೆ. ಛತ್ರಿಗಳಿಗೆ ಮೇಲೊಂದು ಬಿಳಿ ಹೊದಿಕೆ ಹೊಲಿಸಿಕೊಡುತ್ತೇನೆ ಎಂದೆ.

“ಅಪ್ಪಾರ ಮುಖಕ್ಕ ಬಿಳೀ ಬಟ್ಟಿ ಹೊಚ್ಚೋದಾ? ಒಮ್ಮೆ ಹೊಚ್ಚಿದ್ದು ಸಾಕ್ರಿ.”

ಹಾಗಾದರೆ ಸಾದಾ ಛತ್ರಿ ಕೊಡುತ್ತೇನೆ ಎಂದೆ.

“ಈಗ ಬ್ಯಾರೆ ಕೊಟ್ರ, ಮಗನಿಗೇ ಅಪ್ಪ ಬ್ಯಾಡಾದ ಅಂತಾರ ಮಂದಿ. ಅವ್ರ ಅಭಿಮಾನ ನೋಡ್ರಿ, ನಾ ಹೆಂಗ ಬ್ಯಾಡ ಅನ್ಲಿ?” ಗೌಡರ ಮುಖದಲ್ಲಿ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು.

ಮಾತು ಮುಗಿಯುವ ಮೊದಲೇ ಕಣದಲ್ಲಿ ಕೂಗೆದ್ದಿತು. ಹುಲಿಗೆಮ್ಮ ಬಿದ್ದಿದ್ದಳು. ಗೌಡರು ಕಚೇರಿಯ ಗೂಟದಲ್ಲಿದ್ದ ನಾಲ್ಕು ಮುಖದ ಛತ್ರಿ ಕಿತ್ತುಕೊಂಡು ಓಡಿದರು. ಬಿಚ್ಚಿ ಆಕೆಯ ಮೇಲೆ ಹಿಡಿದರು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು. ಕಣ್ಣು ಬಿಟ್ಟವಳು ಮೇಲೆ ನೋಡಿದಳು. ಬೆಳ್ಳಿ ಬಣ್ಣದ ಒಳಮೈ ಕಂಡೊಡನೆ ಅದು ಯಾವ ಛತ್ರಿ ಎಂದು ಆಕೆಗೆ ಗೊತ್ತಾಯಿತು. ಮೊದಲು ಕಾಲಿನಲ್ಲಿ ಉಳಿದಿದ್ದ ಒಂದು ಚಪ್ಪಲಿಯನ್ನು ಕಳಚಿದಳು.

“ಮಡಚ್ರಿ ಗೌಡ್ರ. ಅಜ್ಜಾರಿಗೆ ಬಿಸ್ಲು,” ಎಂದಳು.

ಗೌಡರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಮಡಚಿದರು. ಎಬ್ಬಿಸಿದರೆ ಆಕೆಗೆ ತಲೆ ಸುತ್ತುತ್ತಿತ್ತು. ಆಟೊ ಬರುವವರೆಗೆ ನಾವು ಏಳೆಂಟು ಜನ ಆಕೆಯ ಸುತ್ತ ಒತ್ತಾಗಿ ನಿಂತು, ನಮ್ಮ ಮೈಯ ನೆರಳನ್ನೇ ಆಕೆಯ ಮೇಲೆ ಬೀಳಿಸಲು ನೋಡಿದೆವು. ಅದು ನೆತ್ತಿಯ ಮೇಲಿನ ಸೂರ್ಯ. ನೆರಳು ಗೇಣುದ್ದವೂ ಬೀಳುತ್ತಿರಲಿಲ್ಲ.

ಹುಲಿಗೆಮ್ಮ ಬದುಕಿದಳು. ಕಣದ ಕೆಲಸಕ್ಕೆ ಮಾತ್ರ ಮತ್ತೆ ಬರಲಾಗಲಿಲ್ಲ. ಈಗ ಗಿರಾಕಿ ಯಾರೇ ಬರಲಿ, ಛತ್ರಿಯ ಮೇಲೆ ಏನಿರಬೇಕು ಎಂದು ಕೊನೆಗೆ ಕೇಳುತ್ತೇನೆ. ಅದರ ಕೆಳಗೆ ಯಾರು ಕೂರುತ್ತಾರೆ, ಅವರು ಯಾರ ಮುಂದೆ ಚಪ್ಪಲಿ ಬಿಡುತ್ತಾರೆ ಎಂದು ಮೊದಲು ಕೇಳುತ್ತೇನೆ. ಇಪ್ಪತ್ತೆಂಟು ವರ್ಷ ಇದನ್ನು ಕೇಳದೆಯೇ ನನ್ನನ್ನು ನಾನು ಡಿಸೈನರ್ ಎಂದು ಕರೆದುಕೊಂಡಿದ್ದೆ.