ಕೈಮುಗಿದು ಕೇಳಿದ ಪ್ರಶ್ನೆ

ಕೋವಿಡ್ ಮುಗಿದು ಶಾಲೆ, ಸಂತೆಗಳೆಲ್ಲ ಮತ್ತೆ ಶುರುವಾದ ಮರುವರ್ಷದ ಮಾತು. ನಾನಾಗ ಬಾಗಲಕೋಟೆಯ ನವನಗರದಲ್ಲಿದ್ದ ಒಂದು ಸುದ್ದಿ ಜಾಲತಾಣದಲ್ಲಿ ಉಪಸಂಪಾದಕಿ. ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಮಾಲೀಕರು ಈರಣ್ಣನವರು, ಇಬ್ಬರು ವರದಿಗಾರರು, ನಾನು. ಧಾರವಾಡದಲ್ಲಿ ಪತ್ರಿಕೋದ್ಯಮದ ಎಂ.ಎ. ಮಾಡಿಕೊಂಡು ಬಂದವಳೆಂದು ಸುದ್ದಿ ತಿದ್ದುವುದು, ಭಾನುವಾರಕ್ಕೆ ಲೇಖನ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಅದರ ಜೊತೆಗೆ ಯಾರಿಗೂ ಬೇಡವಾದ ಇನ್ನೊಂದು ಕೆಲಸ: ಕಮೆಂಟ್ ಮಾಡರೇಶನ್. ಅಂದರೆ, ಸುದ್ದಿಯ ಕೆಳಗೆ ಓದುಗರು ಬರೆಯುವ ಪ್ರತಿಕ್ರಿಯೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನಿಸುವುದು.

ಎಲ್ಲವನ್ನೂ ನಾನೇ ತಡೆದು ನೋಡುತ್ತಿರಲಿಲ್ಲ. ಅದಕ್ಕೊಂದು ಫಿಲ್ಟರ್ ಇತ್ತು. ಬೈಗುಳವೆಂದು ಗುರುತಿಸಿದ ಪದಗಳು ಅದರೊಳಗೆ ತುಂಬಿದ್ದವು. ಅಂಥ ಪದವಿದ್ದ ಕಮೆಂಟ್ ನನ್ನ ಒಪ್ಪಿಗೆಗೆ ಕಾಯುತ್ತಿತ್ತು. ಇಲ್ಲದ್ದು ನೇರವಾಗಿ ಪುಟಕ್ಕೆ ಹೋಗುತ್ತಿತ್ತು. ಸಂಜೆ ಒಮ್ಮೆ ನಾನು ಪುಟದ ಮೇಲೂ ಕಣ್ಣಾಡಿಸುತ್ತಿದ್ದೆ. ಫಿಲ್ಟರ್ ಮಾಡಿದವರು ನಮ್ಮ ಸೀಮೆಯವರಲ್ಲ. ಅವರಿಗೆ ‘ಲೇ’ ಕೂಡ ಬೈಗುಳ, ‘ಮಗನ’ ಕೂಡ ಬೈಗುಳ. ಇಳಕಲ್ಲಿನವನೊಬ್ಬ ಹುನಗುಂದದ ಗೆಳೆಯನನ್ನು ಪ್ರೀತಿಯಿಂದ ಮಾತಾಡಿಸಿದರೂ ಫಿಲ್ಟರ್ ಆ ಮಾತನ್ನು ಕಳ್ಳನನ್ನು ಹಿಡಿದು ತಂದ ಹಾಗೆ ನನ್ನ ಮುಂದೆ ನಿಲ್ಲಿಸುತ್ತಿತ್ತು. ನಾನು ನಕ್ಕು ಬಿಟ್ಟುಕೊಡುತ್ತಿದ್ದೆ.

ಕೆರೂರಿನ ಬಸ್ ನಿಲ್ದಾಣದ ಹತ್ತಿರ ಬೀರವ್ವ ಮತ್ತು ರಾಜಬಿ ಎಂಬ ಇಬ್ಬರು ಹೆಂಗಸರು ಸೇರಿ ಒಂದು ಖಾನಾವಳಿ ನಡೆಸುತ್ತಿದ್ದರು. ಇಬ್ಬರಿಗೂ ಐವತ್ತರ ಆಸುಪಾಸು. ಬೀರವ್ವನದು ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ರಾಜಬಿಯ ಗಂಡ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವವರು. ಸಂತೆಯ ದಿನ ಖಾನಾವಳಿಯಲ್ಲಿ ಕೂಡಲು ಜಾಗವಿರುತ್ತಿರಲಿಲ್ಲ. ಆದರೆ ಸಂತೆ ವಾರಕ್ಕೊಂದೇ ಸಲ. ಉಳಿದ ದಿನಗಳಲ್ಲಿ ಒಲೆ ಉರಿಯುತ್ತಿದ್ದದ್ದು ಬಾಗಲಕೋಟೆಯ ಒಂದು ಖಾಸಗಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ. ದಿನಾ ಬೆಳಗಿನ ಬಸ್ಸಿಗೆ ಅಲ್ಲಿಗೆ ಒಣಗಿಸಿದ ಜೋಳದ ಕಟಕ ರೊಟ್ಟಿಯ ಗಂಟು ಹೋಗುತ್ತಿತ್ತು.

ನಾನು ಅವರ ಬಗ್ಗೆ ಭಾನುವಾರದ ಲೇಖನ ಬರೆದೆ. ಎರಡು ಧರ್ಮ, ಒಂದು ಒಲೆ ಎಂಬರ್ಥದ ತಲೆಬರಹ ಕೊಟ್ಟೆ. ಆಗ ಅದು ಚೆನ್ನಾಗಿದೆ ಅನ್ನಿಸಿತ್ತು. ಈಗ ಯೋಚಿಸಿದರೆ, ಅಷ್ಟು ವರ್ಷ ಅಲ್ಲಿ ಉಂಡುಹೋದ ಯಾರೂ ಆ ಒಲೆಗೆ ಧರ್ಮ ಹಚ್ಚಿರಲಿಲ್ಲ, ಮೊದಲು ಹಚ್ಚಿದವಳು ನಾನೇ ಏನೋ. ಅವರು ಸೌಹಾರ್ದ ಮಾಡುತ್ತಿರಲಿಲ್ಲ, ರೊಟ್ಟಿ ಮಾಡುತ್ತಿದ್ದರು.

ಮೊದಲ ದಿನದ ಕಮೆಂಟುಗಳು ನಮ್ಮ ಕಡೆಯ ಒರಟು ಅಕ್ಕರೆಯವು. “ಲೇ ಮಗನ, ಒಮ್ಮೆ ಅಲ್ಲಿ ಉಂಡು ನೋಡು, ನಿಮ್ಮವ್ವನ ರೊಟ್ಟಿ ಮರೀತಿ” ಎಂದು ಒಬ್ಬ ಬರೆದಿದ್ದ. ಫಿಲ್ಟರ್ ಅದನ್ನು ಹಿಡಿದಿಟ್ಟಿತ್ತು. ಅದರ ಪಕ್ಕದಲ್ಲೇ ಯಾವ ತಡೆಯೂ ಇಲ್ಲದೆ ಇನ್ನೊಂದು ಕಮೆಂಟ್ ಪುಟಕ್ಕೆ ಹೋಗಿತ್ತು: “ಮಾನ್ಯರೇ, ಲೇಖನ ಚೆನ್ನಾಗಿದೆ. ಇಬ್ಬರಲ್ಲಿ ರೊಟ್ಟಿ ಬಡಿಯುವವರು ಯಾರು ಎಂದು ತಿಳಿಸಿದ್ದರೆ ಓದುಗರಿಗೆ ಅನುಕೂಲವಾಗುತ್ತಿತ್ತು. ಕುತೂಹಲಕ್ಕೆ ಕೇಳಿದೆ, ಅಷ್ಟೇ.” ಕೊನೆಯಲ್ಲಿ ಕೈಮುಗಿದ ಚಿತ್ರ.

ಅದನ್ನು ಆ ಸಂಜೆ ನಾನು ಓದಿದೆನೇ? ಓದಿಯೂ ಬಿಟ್ಟೆನೇ? ಓದಿ ಅಳುಕಿದೆ ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪಿಗೆ ನನ್ನನ್ನು ಒಳ್ಳೆಯವಳಾಗಿ ತೋರಿಸುವ ಚಟವಿದೆ, ಹಾಗಾಗಿ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: ‘ಲೇಖನಕ್ಕೆ ಪ್ರತಿಕ್ರಿಯೆ ಚೆನ್ನಾಗಿದೆ.’

ಮರುದಿನ ಆ ಪ್ರಶ್ನೆಯ ಕೆಳಗೆ ಜನ ಸೇರಿದ್ದರು. “ತಿನ್ನುವುದನ್ನು ತಿಳಿದು ತಿನ್ನುವುದು ಗ್ರಾಹಕರ ಹಕ್ಕು ಸಹೋದರರೇ.” “ನಮಗೆ ಯಾರ ಮೇಲೂ ದ್ವೇಷವಿಲ್ಲ, ಆದರೆ ಮನೆಯಲ್ಲಿ ವ್ರತ ಹಿಡಿದ ಹಿರಿಯರಿದ್ದಾರೆ.” “ನೀರು ಯಾರ ಮನೆಯದು ಎಂದು ಬಲ್ಲವರು ತಿಳಿಸಿದರೆ ಉಪಕಾರ.” ಒಂದು ಕೆಟ್ಟ ಪದವಿರಲಿಲ್ಲ. ಎಲ್ಲ ಬಹುವಚನ, ಎಲ್ಲ ಗ್ರಂಥದ ಭಾಷೆ, ಎಲ್ಲರದೂ ಮುಗಿದ ಕೈ. ಹೊಲಸು ಬೈಗುಳ ಓದಿ ಓದಿ ರೂಢಿಯಾಗಿದ್ದ ನನಗೆ ಇಷ್ಟು ಶುಚಿಯಾದ ಮಾತಿನಿಂದ ಹೇಸಿಗೆಯಾದದ್ದು ಅದೇ ಮೊದಲು.

ಯಾರೋ ಆ ಕಮೆಂಟುಗಳ ಚಿತ್ರ ತೆಗೆದು ವಾಟ್ಸಾಪಿಗೆ ಹಾಕಿದರು. ಆ ವಾರವೇ ಹಾಸ್ಟೆಲ್ಲಿನಿಂದ ಕೆರೂರಿಗೆ ಫೋನ್ ಹೋಯಿತು: ಸದ್ಯ ರೊಟ್ಟಿ ಬೇಡ. ಬೀರವ್ವ ನನಗೆ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಬಾಯಾರ, ನೀವು ಬರದದ್ದು ಚೊಲೋನ ಇತ್ರಿ. ಅದರ ಕೆಳಗ ಬರದಾರಲ್ಲ, ಅವರಿಗೆ ಹಸಿವಾಗೇತೇನು ಕೇಳ್ರಿ. ಕರಕೊಂಡು ಬರ್ರಿ, ನಾಲ್ಕು ರೊಟ್ಟಿ ಹಾಕತೇವಿ.”

ಫೋನ್ ಇಡುವ ಮೊದಲು, “ರಾಜಬಿ ನಾಳಿಂದ ಬರೂದಿಲ್ಲ ಅನ್ನಾಕತ್ತಾಳ್ರಿ” ಎಂದಳು.

ನಾನು ಆ ಕಮೆಂಟುಗಳನ್ನು ಅಳಿಸಿದೆ. ಅದು ಬೆಂಕಿಗೆ ಗಾಳಿ ಹಾಕಿದಂತಾಯಿತು. “ಸಭ್ಯವಾಗಿ ಕೇಳಿದ ಪ್ರಶ್ನೆ ತೆಗೆದಿದ್ದೀರಿ. ಏನೋ ಮುಚ್ಚಿಡುತ್ತಿದ್ದೀರಿ ಎಂದಾಯಿತಲ್ಲವೇ?” ಎಂದು ಹೊಸದಾಗಿ ಬರತೊಡಗಿದವು. ಆ ಲೇಖನಕ್ಕೆ ಮಾತ್ರ ಕಮೆಂಟ್ ಬಂದ್ ಮಾಡಿದೆ. ಅದೇ ಮಂದಿ ಪಕ್ಕದ ಸುದ್ದಿಗೆ ದಾಟಿದರು. ತುಳಸಿಗೇರಿಯಲ್ಲಿ ಕರೆಂಟ್ ಹೋಗುವ ಸುದ್ದಿಯ ಕೆಳಗೂ ರೊಟ್ಟಿ ಬಡಿಯುವವರು ಯಾರು, ಇಳಕಲ್ ಸೀರೆಯ ಲೇಖನದ ಕೆಳಗೂ ಅದೇ. ಇಡೀ ಜಾಲತಾಣದ ಕಮೆಂಟ್ ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ. ಅದಕ್ಕೆ ಮಾಲೀಕರು ಒಪ್ಪಬೇಕು.

ಈರಣ್ಣನವರು ಮೊಬೈಲಿನಲ್ಲಿ ಎಲ್ಲವನ್ನೂ ಓದಿದರು.

“ಯಾರರ ಬೈದಾರೇನ್ರಿ ಮೇಡಂ? ಒಂದ ಬೈಗುಳ ತೋರಸ್ರಿ, ಈಗ ಬಂದ್ ಮಾಡತೇನಿ.”

“ಬೈದಿಲ್ರೀ. ಅದಕ್ಕ ಅಂಜಿಕಿ ಬರಾಕತ್ತೇತಿ.”

“ಮಂದಿ ಕೇಳೂದು ಕೇಳತಾರ. ನಾವು ಬಾಯಿ ಕಟ್ಟಾಕ ಬರತೈತೇನ್ರಿ? ಕಮೆಂಟ್ ಇದ್ರನ ಮಂದಿ ತಿರುಗಿ ತಿರುಗಿ ನೋಡತಾರ. ಸಂತ್ಯಾಗ ಗದ್ದಲ ಇದ್ರ ಯಾಪಾರ.”

“ಆ ಗದ್ದಲದಾಗ ಇಬ್ಬರು ಹೆಣ್ಮಕ್ಕಳ ಯಾಪಾರ ಹೊಂಟೇತ್ರಿ.”

ಅವರು ಮೊಬೈಲ್ ಜೇಬಿಗಿಟ್ಟು ಎದ್ದು ಹೋದರು. ಕೆಟ್ಟ ಮನುಷ್ಯನಲ್ಲ, ನನ್ನ ಮಗಳಿಗೆ ಜ್ವರ ಬಂದಾಗ ತಾವೇ ಗಾಡಿಯಲ್ಲಿ ದವಾಖಾನೆಗೆ ಕರೆದೊಯ್ದವರು. ಆದರೆ ಬೈಗುಳ ಕಾಣದ ಕಡೆ ಅವರಿಗೆ ನೋವೂ ಕಾಣುತ್ತಿರಲಿಲ್ಲ. ಫಿಲ್ಟರ್ ಯಂತ್ರದಲ್ಲಿ ಮಾತ್ರ ಇರುವುದಿಲ್ಲ ಎಂದು ಆ ಹೊತ್ತು ತಿಳಿಯಿತು.

ಮರುದಿನ ಹವಾಮಾನ ಸುದ್ದಿಯ ಕೆಳಗೆ ಒಂದು ಕಮೆಂಟ್ ಬಂತು. “ನಮಸ್ಕಾರ. ಈ ಜಾಲತಾಣದ ಮಾಲೀಕರು ಯಾರ ಯಾರ ಮನೆಯಲ್ಲಿ ಊಟ ಮಾಡುತ್ತಾರೆ ಎಂದು ಬಲ್ಲವರು ತಿಳಿಸಬಹುದೇ?” ಮತ್ತೆ ಮುಗಿದ ಕೈ. ಅದನ್ನು ಈರಣ್ಣನವರಿಗೆ ಅವರ ಬೀಗರೇ ಕಳಿಸಿಕೊಟ್ಟಿದ್ದರಂತೆ. ಮಾಲೀಕರು ಚಹಾ ಕುಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ನನ್ನ ಮೇಜಿನ ಎದುರು ನಿಂತರು.

“ಬಂದ್ ಮಾಡ್ರಿ. ಎಲ್ಲಾ ಬಂದ್ ಮಾಡ್ರಿ.”

ಸೆಟ್ಟಿಂಗ್ಸಿನಲ್ಲಿ ಒಂದು ಗುರುತು ತೆಗೆದರೆ ಆಗುವ ಕೆಲಸ. ತೆಗೆದೆ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಕೆರೂರಿನ ಇಬ್ಬರಿಗಾಗಿ ಮುಚ್ಚದ ಬಾಗಿಲು ನವನಗರದ ಒಬ್ಬರಿಗಾಗಿ ಮುಚ್ಚಿಕೊಂಡಿತ್ತು.

ಎರಡು ವಾರ ಬಿಟ್ಟು, ಮುಖ ತೋರಿಸಿ ಬರಬೇಕೆಂದು ಕೆರೂರಿಗೆ ಹೋದೆ. ರಾಜಬಿ ಬಂದಿದ್ದಳು. ಬೀರವ್ವನೇ ಅವಳ ಮನೆಗೆ ಹೋಗಿ ಬಾಗಿಲಲ್ಲಿ ಕೂತು ಕರೆತಂದಿದ್ದಳಂತೆ. ನನಗೆ ತಾಟು ಹಾಕಿಕೊಟ್ಟು, “ಬರೀತೀರೇನ್ರಿ ಮತ್ತ?” ಎಂದು ರಾಜಬಿ ನಕ್ಕಳು. ನಾನು ತಲೆ ತಗ್ಗಿಸಿ ಉಂಡೆ.

ಅಷ್ಟರಲ್ಲಿ ಹಾಸ್ಟೆಲ್ಲಿನ ವಾರ್ಡನ್ ಕಾರಿನಲ್ಲಿ ಬಂದಿಳಿದರು. ನಯವಾದ ಹೆಂಗಸು. ಎಲ್ಲರಿಗೂ ಕೈಮುಗಿದು, ಬೀರವ್ವನನ್ನು ಬದಿಗೆ ಕರೆದರು. ಜಾಗ ಸಣ್ಣದು, ಎಲ್ಲರಿಗೂ ಕೇಳಿಸುತ್ತಿತ್ತು.

“ಈಗ ಎಲ್ಲಾ ತಣ್ಣಗಾಗೇತ್ರಿ. ಹುಡುಗ್ಯಾರು ನಿಮ್ಮ ರೊಟ್ಟೀನ ಬೇಕಂತಾರ. ಸೋಮವಾರದಿಂದ ಕಳಸ್ರಿ. ಒಂದ ಮಾತು, ತಪ್ಪು ತಿಳೀಬ್ಯಾಡ್ರಿ. ನೀವೊಬ್ಬರೇ ಮಾಡಿದ್ರ ಚೊಲೋ. ನನಗೇನಿಲ್ಲರಿ, ಪಾಲಕರು ಕೇಳತಾರ.”

ರಾಜಬಿ ಹಂಚಿನ ಮೇಲಿಂದ ಕಣ್ಣೆತ್ತದೆ ಹೇಳಿದಳು, “ಹೂಂ ಅನ್ನು ಅಕ್ಕಾ. ನಾ ಹಿತ್ತಲದಾಗ ಕುಂತು ಪಲ್ಯಾ ಹೆಚ್ಚತೇನಿ. ಒಲಿ ಉರದ್ರ ಸಾಕು.”

“ನೀ ಹಿತ್ತಲಕ್ಕ ಹೋದ್ರ ರೊಟ್ಟಿ ಬಡಿಯಾಕ ಯಾರು ನಿಮ್ಮಪ್ಪ ಬರತಾನೇನು?” ಬೀರವ್ವ ಅವಳಿಗೆ ಗದರಿ, ವಾರ್ಡನ್ ಕಡೆ ತಿರುಗಿದಳು. “ನೋಡ್ರಿ ಅಕ್ಕಾರ, ನಾ ಹಿಟ್ಟು ನಾದತೇನಿ. ಬಡಿಯೂದು ಆಕಿ. ಮೊದಲಿಂದೂ ಹಂಗ ಐತಿ. ನಾ ಬಡದ ರೊಟ್ಟಿ ನನ್ನ ಗಂಡನೂ ತಿನ್ನೂದಿಲ್ಲ, ನಿಮ್ಮ ಹುಡುಗ್ಯಾರು ತಿಂತಾರೇನು? ಬೇಕಾದ್ರ ಹಿಂಗ ಒಯ್ರಿ. ಬ್ಯಾಡಾದ್ರ ಕುಂಡ್ರಿ, ಬಿಸಿ ಐತಿ, ಉಂಡು ಹೋಗ್ರಿ.”

ವಾರ್ಡನ್ ಇಬ್ಬರಿಗೂ ಮತ್ತೊಮ್ಮೆ ಕೈಮುಗಿದರು. ಕೂಡಲಿಲ್ಲ. ಕಾರು ಹೋಯಿತು, ಜೊತೆಗೆ ಹಾಸ್ಟೆಲ್ಲೂ ಹೋಯಿತು.

ಅಷ್ಟು ದಿನ ಊರೆಲ್ಲ ನಯವಾಗಿ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅದಾಗಿತ್ತು. ಅದನ್ನು ಹೇಳುವ ಧೈರ್ಯ ಜಾಲತಾಣಕ್ಕಿರಲಿಲ್ಲ, ಬೀರವ್ವನಿಗಿತ್ತು. ಖಾನಾವಳಿ ಈಗಲೂ ಇದೆ, ಸಂತೆಯ ದಿನ ಮತ್ತು ಇನ್ನೆರಡು ದಿನ ಮಾತ್ರ. ಉಳಿದ ದಿನ ರಾಜಬಿ ಮನೆಯಲ್ಲಿ ಶಾವಿಗೆ ಹೊಸೆಯುತ್ತಾಳೆ, ಬೀರವ್ವ ಕೂಲಿಗೆ ಹೋಗುತ್ತಾಳೆ. ಇಬ್ಬರೂ ಗೆದ್ದರು ಎಂದು ಬರೆದರೆ ಅದು ನಾನು ಕೊಟ್ಟ ತಲೆಬರಹದಂಥ ಇನ್ನೊಂದು ಸುಳ್ಳಾಗುತ್ತದೆ. ಅವರು ಬೇರೆಯಾಗಲಿಲ್ಲ, ಅಷ್ಟನ್ನು ಹೇಳಬಲ್ಲೆ.

ನಾನೀಗ ಬೇರೆ ಕಡೆ ಹೊಸಬರಿಗೆ ಕಮೆಂಟ್ ನೋಡುವ ಇದೇ ಕೆಲಸ ಕಲಿಸುತ್ತೇನೆ. ಅವರು ಮೊದಲ ದಿನವೇ ಬೈಗುಳಗಳ ಪಟ್ಟಿ ಕೇಳುತ್ತಾರೆ. ಕೊಡುತ್ತೇನೆ, ಅದೂ ಬೇಕು. ಆಮೇಲೆ, ಒಂದು ಕೆಟ್ಟ ಪದವೂ ಇಲ್ಲದ ಪ್ರಶ್ನೆ ಬಂದಾಗ ಅದನ್ನು ಹೇಗೆ ಓದಬೇಕೆಂದು ಕಲಿಸುತ್ತೇನೆ. ಕೇಳಿದವರ ಭಾಷೆ ನೋಡಬೇಡಿ. ಇದಕ್ಕೆ ಉತ್ತರ ಸಿಕ್ಕರೆ ಯಾರ ಒಲೆ ಆರುತ್ತದೆ, ಅದನ್ನು ನೋಡಿ.