ಒಂದು ಕಾಲಿನ ಚೈನು

ಮನೆ ಖಾಲಿ ಮಾಡುವ ದಿನ ನೆಲಮಾಳಿಗೆಯ ಸೈಕಲ್ ಕೋಣೆಯಲ್ಲಿ ಒಂದು ಹಳೆಯ ಬಿಸ್ಕತ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ಒಣಗಿದ ಗ್ರೀಸಿನ ವಾಸನೆ, ಅದರ ಬೆನ್ನಿಗೇ ಹಳೇ ಟ್ಯೂಬಿನ ರಬ್ಬರ್ ವಾಸನೆ. ಒಳಗೆ ಗೇಣುದ್ದದ ಎರಡು ತುಂಡು ಸೈಕಲ್ ಚೈನು. ಎರಡನ್ನೂ ಹಿಡಿದಿಟ್ಟುಕೊಂಡ, ಟ್ಯೂಬನ್ನೇ ಸೀಳಿ ಮಾಡಿದ ಪಟ್ಟಿಗಳು. ಹಿಮದ ಮೇಲೆ ಜಾರದಿರಲೆಂದು ಬೂಟಿನ ಅಡಿಗೆ ಕಟ್ಟಿಕೊಳ್ಳುವ ಸಾಮಾನು ಅದು. ಎರಡು ತುಂಡು ಸೇರಿ ಒಂದು ಬೂಟಿಗೆ; ಎರಡು ಕಾಲಿಗೆ ಅಂಥವು ಎರಡು ಇರಬೇಕಿತ್ತು. ಡಬ್ಬಿಯಲ್ಲಿ ಒಂದೇ ಇತ್ತು. ಇನ್ನೊಂದು ಆಸ್ಟ್ರಿಯಾದ ಯಾವುದೋ ಬೆಟ್ಟದ ಕೊರಕಲಿನಲ್ಲಿದೆ. ಯಾಕೆ ಅಲ್ಲಿದೆ ಎಂಬುದನ್ನು ಏಳು ವರ್ಷದಿಂದ ನಾನು ತಪ್ಪಾಗಿ ಹೇಳುತ್ತ ಬಂದಿದ್ದೇನೆ.

ಅದನ್ನು ಮಾಡಿಕೊಟ್ಟವರು ಕೆಳಮನೆಯ ಚಾಚಾ. ಹಾಲೆಂಡಿನ ಆಮ್ಸ್ಟೆಲ್‌ವೀನಿನ ಈ ಎಂಟು ಮಹಡಿಯ ಕಟ್ಟಡದಲ್ಲಿ ಅವರದು ಎರಡನೆಯ ಮಹಡಿ, ಇಬ್ಬರು ಗೆಳೆಯರ ಜೊತೆ ನಾನಿದ್ದದ್ದು ಮೂರನೆಯದು. ಚಾಚಾನ ಊರು ಗದಗ. ಅಲ್ಲಿ ಅವರ ಅಪ್ಪನದು ಸೈಕಲ್ ಅಂಗಡಿ. ಚಾಚಾ ವಾರವಿಡೀ ಜೈಡಾಸ್‌ನ ಕಚೇರಿ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಶನಿವಾರ ಬೆಳಿಗ್ಗೆ ಮಾತ್ರ ತೋಳು ಮಡಿಚಿ ನೆಲಮಾಳಿಗೆಗೆ ಇಳಿದು, ಕಟ್ಟಡದವರೆಲ್ಲರ ಸೈಕಲ್ ರಿಪೇರಿ ಮಾಡುತ್ತಿದ್ದರು. ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಸೈಕಲ್ ತಂದವರು ಪಕ್ಕದಲ್ಲಿ ನಿಂತು ಏನಾದರೂ ಮಾತಾಡಬೇಕು, ಅಷ್ಟೇ. ಮಾತಾಡುವುದು ಬಿಟ್ಟು ಬೇರೆ ಕೆಲಸವೇ ಬಾರದ ನನ್ನಂಥವನಿಗೆ ಅದು ಹೇಳಿ ಮಾಡಿಸಿದ ಜಾಗ.

ನನ್ನ ಬಗ್ಗೆಯೂ ಹೇಳಿಬಿಡಬೇಕು. ಆಗ ನನಗೆ ಇಪ್ಪತ್ನಾಲ್ಕು. ಹೆಸರಿಗೆ ಸಂಶೋಧನೆ, ನಿಜವಾದ ಉದ್ಯೋಗ ಮಿಮಿಕ್ರಿ, ಇನ್ನೊಬ್ಬರ ದನಿ ತೆಗೆಯುವುದು. ಟ್ರಾಮಿನಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ಖೆಮೇಂಟೆ ಎಂಬ ನಗರಸಭೆ ಕಚೇರಿಯ ಕೌಂಟರಿನಲ್ಲಿ ಕೂತು 'ಇನ್ನೊಂದು ಫಾರಂ ಬೇಕು' ಎನ್ನುವ ಮಹಾಶಯ, ನನ್ನ ಗೈಡ್, ನನ್ನ ಗೈಡ್ ಮುಂದೆ ನಿಂತ ನಾನು... ಎಲ್ಲರನ್ನೂ ಮಾಡುತ್ತಿದ್ದೆ. ಚಾಚಾನನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಹೊಟ್ಟೆಯಿಂದ ಏಳುವ ದನಿ, ಗದಗಿನ ಎಳೆತ, ನಡುನಡುವೆ ದಖ್ಖನಿ, ಪ್ರತಿ ಹೆಜ್ಜೆಗೂ ನೆಲ ಗಟ್ಟಿ ಇದೆಯೋ ಎಂದು ಕೇಳಿಕೊಂಡಂತೆ ಪಾದ ಊರುವ ಆ ನಡಿಗೆ. ಅವರೆದುರು ಮಾತ್ರ ಮಾಡುತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲವೆಂದೇ ನಂಬಿದ್ದೆ.

ಗದಗಿನ ಅಂಗಡಿಯ ಗೋಡೆಯ ಮೇಲೆ ಟೈರ್ ಕಂಪನಿಯ ಕ್ಯಾಲೆಂಡರ್ ಒಂದಿತ್ತಂತೆ. ಅದರಲ್ಲಿ ಬಿಸಿಲಿಗೆ ಹೊಳೆಯುವ ಒಂದು ಹಿಮದ ಶಿಖರ. ವರ್ಷ ಮುಗಿದರೂ ಅಪ್ಪ ಅದನ್ನು ತೆಗೆದಿರಲಿಲ್ಲ. ಚೈನಿಗೆ ಎಣ್ಣೆ ಬಿಡುತ್ತ, ಪಂಕ್ಚರ್ ಹಾಕುತ್ತ ಚಾಚಾ ಅದನ್ನು ನೋಡುತ್ತ ಬೆಳೆದರು. ಆಮೇಲೆ ಯೂರೋಪಿಗೇನೋ ಬಂದರು. ಬಂದದ್ದು ಸೇತುವೆಯ ಏರನ್ನೇ ಗುಡ್ಡವೆಂದುಕೊಳ್ಳುವ ಈ ಚಪ್ಪಟೆ ದೇಶಕ್ಕೆ. ಹನ್ನೊಂದು ವರ್ಷ ಇಲ್ಲೇ ಕಳೆದವು. ಆ ವರ್ಷ ಕೆಲಸದ ಕರಾರು ಮುಗಿಯುತ್ತಿತ್ತು, ಜುಲೈಯಲ್ಲಿ ಗದಗಿಗೆ ವಾಪಸು.

"ಒಮ್ಮಿ ಮ್ಯಾಲ ಹೋಗಿ ನಿಂದ್ರೂದೈತಿ ತಮ್ಮಾ," ಎಂದರು ಒಂದು ಶನಿವಾರ, ನನ್ನ ಸೈಕಲ್ಲಿನ ಚಕ್ರ ತಿರುಗಿಸುತ್ತ. "ನಿಂತು ಅಪ್ಪನ ಅಂಗಡಿ ಗಂಟಿ ಹೊಡೀಬೇಕು. ಅಪ್ಪ ಫೋನ್ನ್ಯಾಗ ಕೇಳ್ಬೇಕು. ಅಷ್ಟ."

ಹ್ಯಾಂಡಲ್ಲಿಗೆ ಹಾಕುವ ಹಿತ್ತಾಳೆಯ ಗಂಟೆ. ಊರಿನಿಂದ ತಂದಿಟ್ಟುಕೊಂಡಿದ್ದರು.

ಏರಿ ಅಭ್ಯಾಸ ಮಾಡಲು ಇಲ್ಲಿ ಗುಡ್ಡ ಎಲ್ಲಿದೆ? ಹತ್ತು ಕಿಲೋ ಸೋನಾ ಮಸೂರಿ ಚೀಲ ಬೆನ್ನಿಗೆ ಹಾಕಿಕೊಂಡು ಎಂಟು ಮಹಡಿ ಮೆಟ್ಟಿಲು ಹತ್ತುವುದು, ಮಂಡಿ ಉಳಿಸಿಕೊಳ್ಳಲು ಲಿಫ್ಟಿನಲ್ಲಿ ಇಳಿಯುವುದು, ಮತ್ತೆ ಹತ್ತುವುದು. ದಿನಾ ಸಂಜೆ ನಾಲ್ಕು ಸಲ ಚಾಚಾ ಹೀಗೆ. ಐದನೇ ಮಹಡಿಯ ಡಚ್ ಅಜ್ಜಿ ಇದನ್ನು ಮೂರು ದಿನ ನೋಡಿ, ಲಿಫ್ಟ್ ಕೆಟ್ಟಿದೆ, ಪಾಪದವರೊಬ್ಬರು ಅಕ್ಕಿ ಹೊರುತ್ತಿದ್ದಾರೆ ಎಂದು ದೂರು ಕೊಟ್ಟರು. ಮೆಕ್ಯಾನಿಕ್ ಬಂದ. ಅವನ ಸೈಕಲ್ಲಿನ ಬ್ರೇಕು ಸಡಿಲವಾಗಿತ್ತು. ಚಾಚಾ ಬಿಗಿ ಮಾಡಿ ಕಳಿಸಿದರು.

ಮೇ ತಿಂಗಳ ಕೊನೆಗೆ ಹೆಮೆಲ್‌ಫಾರ್ಟ್ ರಜೆ ಬಂತು, ಯೇಸು ಆಕಾಶಕ್ಕೆ ಏರಿದ ದಿನ. ಹಾಲೆಂಡಿನಲ್ಲಿ ಯಾರಾದರೂ ಮೇಲಕ್ಕೆ ಏರಿದ್ದಕ್ಕೆ ರಜೆ ಕೊಡುವುದು ನ್ಯಾಯವೇ ಸರಿ ಎಂದು ನಾನು ಹೇಳಿದ್ದೆ. ನನ್ನ ಜೊತೆಗಿದ್ದ ಮಂಗಳೂರಿನ ಗೆಳೆಯ ಕಾರು ಓಡಿಸಿದ. ಗುರುವಾರವಿಡೀ ಪ್ರಯಾಣ, ಶುಕ್ರವಾರ ಬೆಳಿಗ್ಗೆ ಆಸ್ಟ್ರಿಯಾದ ಬೆಟ್ಟದ ಬುಡ. ಕೆಳಗೆ ಹಸಿರು ಹುಲ್ಲು, ಹಳದಿ ಹೂವು, ದನಗಳ ಕೊರಳ ಗಂಟೆ. ಮೇಲೆ ಇನ್ನೂ ಕರಗದ ಹಿಮ. ಅರ್ಧ ದಾರಿಯಲ್ಲಿ ಚಾರಣಿಗರಿಗೆ ಊಟ ಕೊಡುವ ಮರದ ಮನೆಯೊಂದಿತ್ತು. ಗೆಳೆಯ ಅಲ್ಲಿಯೇ ಬೆಂಚಿನ ಮೇಲೆ ಕೂತು, ತನ್ನ ಶಿಖರ ಇದೇ ಎಂದು ಘೋಷಿಸಿ ಸೂಪ್ ತರಿಸಿಕೊಂಡ.

ಹಿಮ ಶುರುವಾಗುವಲ್ಲಿ ಚಾಚಾ ಚೀಲದಿಂದ ಚೈನುಗಳನ್ನು ತೆಗೆದರು. ಅಂಗಡಿಯಲ್ಲಿ ಸಿಗುವ ಮುಳ್ಳುಪಟ್ಟಿ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಆಮ್ಸ್ಟೆಲ್‌ವೀನಿನ ಸವೆದ ಚೈನು, ಒಡೆದ ಟ್ಯೂಬು ಇರುವಾಗ ಇನ್ನೊಂದನ್ನು ಯಾಕೆ ಕೊಳ್ಳಬೇಕು?

"ಮೂರು ಗಂಟು ಹಾಕು," ಎಂದರು. "ಒಂದು ಸಾಲೂದಿಲ್ಲ. ರಬ್ಬರು ತಣ್ಣಗಾದ್ರ ಹಿಡತ ಬಿಡತೈತಿ."

ಎಡಗಾಲಿಗೆ ಮೂರು ಹಾಕಿದೆ. ಬಲಗಾಲಿಗೆ ಒಂದು ಹಾಕುವಷ್ಟರಲ್ಲಿ ಬೇಸರ ಬಂತು.

ಒಂದೂವರೆ ತಾಸು ಏರಿದೆವು. ಶಿಖರದ ತುದಿಗೆ ಅಲ್ಲಿಯವರು ನೆಡುವ ಮರದ ಶಿಲುಬೆ ಕಾಣಿಸತೊಡಗಿತು. ಇನ್ನು ಇಪ್ಪತ್ತು ನಿಮಿಷ. ಅಲ್ಲಿ ದಾರಿ ಓರೆಯಾದ ಒಂದು ಹಿಮದ ಇಳಿಜಾರನ್ನು ಅಡ್ಡ ಹಾಯುತ್ತಿತ್ತು. ಎರಡು ಪಾದ ಹಿಡಿಸುವಷ್ಟೇ ಅಗಲ. ಮುಂದೆ ಚಾಚಾ, ಹಿಂದೆ ನಾನು. ನೋಡುವವರು ಯಾರೂ ಇರಲಿಲ್ಲ, ಆದರೂ ಚಟ. ಅವರ ನಡಿಗೆಯನ್ನು ಅಣಕಿಸುತ್ತ ನಡೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಸರಿಯಾಗಿ ಅಣಕಿಸಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಸೊಂಟ ಜಾಸ್ತಿ ಕುಣಿಸಿದೆ. ಬಲಗಾಲ ಗಂಟು ಬಿಚ್ಚಿತು, ಕಾಲು ಹೋಯಿತು, ಕೂತ ಭಂಗಿಯಲ್ಲೇ ನಾಲ್ಕೈದು ಮೀಟರ್ ಜಾರಿ ಮೆತ್ತನೆಯ ಹಿಮದಲ್ಲಿ ಸಿಕ್ಕಿ ನಿಂತೆ. ಚೈನು ನಿಲ್ಲಲಿಲ್ಲ. ಸಣ್ಣ ಸದ್ದು ಮಾಡುತ್ತ ಕೆಳಗಿಳಿದು, ಕೊರಕಲಿನ ಅಂಚು ದಾಟಿ ಹೋಯಿತು. ಆಮೇಲೆ ಸದ್ದೇ ಬರಲಿಲ್ಲ. ಆ ಬಾರದ ಸದ್ದನ್ನೇ ಕಾಯುತ್ತ ಕೂತಿದ್ದೆ.

ಏಳಲು ಆಗಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ, ಕಾಲು ಮಾತು ಕೇಳುತ್ತಿರಲಿಲ್ಲ. ನನ್ನ ಬಳಿಯಿದ್ದ ಹತ್ತಾರು ದನಿಗಳಲ್ಲಿ ಒಂದೂ ಹೊರಡಲಿಲ್ಲ.

ಚಾಚಾ ಹಿಂದಿರುಗಿ ಬಂದು, ಒಂದೊಂದೇ ಪಾದ ಊರಿ ಇಳಿದು, ಪಕ್ಕದಲ್ಲಿ ಕೂತರು. 

"ಕಾಲ ಅದಾವಿಲ್ಲ?"

"ಇದಾವೆ."

"ಎರಡೂ?"

"ಎರಡೂ."

"ಮತ್ತ ಏನ್ ಹೋತು?"

"ಚೈನ್ ಹೋಯ್ತು ಚಾಚಾ."

"ಚೈನ್ ಗದಗಿನ್ಯಾಗ ಬುಟ್ಟಿ ಬುಟ್ಟಿ ಅದಾವ."

ನಾನು ಶಿಲುಬೆಯತ್ತ ಕೈ ತೋರಿದೆ. "ನೀವು ಹೋಗಿ ಬನ್ನಿ. ಇನ್ನೇನು ಅಲ್ಲೇ ಇದೆ. ನಾನಿಲ್ಲೇ ಕೂತಿರ್ತೀನಿ."

ಅವರು ತಲೆಯೆತ್ತಿ ಶಿಲುಬೆಯನ್ನು ನೋಡಿದರು. ನನ್ನ ಒದ್ದೆ ಪ್ಯಾಂಟನ್ನು ನೋಡಿದರು. ಮತ್ತೊಮ್ಮೆ ಮೇಲೆ ನೋಡಿದರು, ಈ ಸಲ ಸ್ವಲ್ಪ ಹೆಚ್ಚು ಹೊತ್ತು... ಮೋಡ ಇಳಿಯುತ್ತಿತ್ತೋ ಇಲ್ಲವೋ ಈಗ ನೆನಪಿಲ್ಲ. ಇಳಿಯುತ್ತಿತ್ತು ಎಂದುಕೊಂಡರೆ ನನಗೆ ಅನುಕೂಲ. ನಂತರ ಅವರು ತಮ್ಮ ಬಲಗಾಲಿನ ಚೈನು ಬಿಚ್ಚಿ ನನ್ನ ಬೂಟಿಗೆ ಕಟ್ಟಿದರು. ಮೂರು ಗಂಟು. ಚೀಲದಿಂದ ಗಂಟೆ ತೆಗೆದರು.

"ಗಂಟಿ ಹೊಡದ್ರ ಒಂದ್ ಹೆಜ್ಜಿ. ಹೊಡೀಲಿಲ್ಲಂದ್ರ ನಿಂದ್ರು. ಕೆಳಗ ನೋಡಬ್ಯಾಡ, ನನ್ನ ಟೊಪಗಿ ನೋಡು. ಹಲ್ಲೂ... ಹಲ್ಲೂ..."

ದಖ್ಖನಿಯಲ್ಲಿ ಹಾಗೆಂದರೆ ನಿಧಾನ. ಒಂದು ಕಾಲಿಗೆ ಮಾತ್ರ ಚೈನಿದ್ದ ಅವರು ಮುಂದೆ, ಎರಡು ಕಾಲಿಗೂ ಇದ್ದ ನಾನು ಹಿಂದೆ. ಟ್ರಿಣ್. ಒಂದು ಹೆಜ್ಜೆ. ಟ್ರಿಣ್. ಇನ್ನೊಂದು. ಕಡಿದಾದ ಆ ಭಾಗ ಏರುವಾಗ ಹದಿನೈದು ನಿಮಿಷ ಹಿಡಿದಿತ್ತು, ಇಳಿಯುವಾಗ ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಇನ್ನೂರರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಶಿಖರದ ಮೇಲೆ ಒಂದೇ ಸಲ ಹೊಡೆಯಲೆಂದು ತಂದಿದ್ದ ಗಂಟೆ ಅದು.

ಮರದ ಮನೆಗೆ ಬಂದಾಗ ಗೆಳೆಯ ಬೆಂಚಿನ ಮೇಲೆಯೇ ಇದ್ದ, ಎರಡನೆಯ ಸೂಪಿನ ಎದುರು.

"ಎಂಥ ಮಾರಾಯ, ಮೇಲೆ ಮುಟ್ಟಿದಿರಾ? ಗಂಟೆ ಬಾರಿಸುದು ಇಲ್ಲಿವರೆಗೆ ಕೇಳ್ತಾ ಉಂಟು."

ಚಾಚಾ ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ತೆರೆದದ್ದು ಅವರ ದನಿಯಲ್ಲಿ. "ಏ ತಮ್ಮಾ, ನನ್ನ ಬಿಟ್ಟ ಹೋಗಬ್ಯಾಡಪಾ... ಯಾ ಅಲ್ಲಾ, ಕೆಳಗ ನೋಡಿದ್ರ ಗದಗ ಕಾಣಾಕತ್ತೈತಿ..." ಮಂಡಿ ನಡುಗಿಸಿದೆ. ಸಹಾಯಕ್ಕೆ ಕರೆಯುವಂತೆ ಇಲ್ಲದ ಗಂಟೆಯನ್ನು ಬಾರಿಸಿದೆ. ಗೆಳೆಯ ನಗುತ್ತ ಸೂಪು ಚೆಲ್ಲಿಕೊಂಡ.

ಆಗಷ್ಟೇ ನೆನಪಾಯಿತು, ಇವರೆದುರು ನಾನು ಎಂದೂ ಇವರನ್ನು ಮಾಡಿಲ್ಲ. ತಿರುಗಿ ನೋಡಿದೆ. ಚಾಚಾ ನನ್ನನ್ನು ನೋಡುತ್ತಿದ್ದರು. ಕೋಪವಿರಲಿಲ್ಲ. ಸಡಿಲವಾದ ಬ್ರೇಕನ್ನು ಒತ್ತಿ ನೋಡುವಾಗಿನ ಮುಖ. ಆಮೇಲೆ ಅವರೂ ನಕ್ಕರು.

"ಏನ್ ಮಾಡೂದ್ರೀ," ಎಂದರು ಗೆಳೆಯನಿಗೆ. "ಮಣಕಾಲು ಕೈ ಕೊಟ್ಟೂ."

ಹೀಗೆ ಆ ಸುಳ್ಳಿಗೆ ಅವರೇ ಸಹಿ ಹಾಕಿದರು. ನನ್ನ ಬೂಟಿನಿಂದ ತಮ್ಮ ಚೈನು ಬಿಚ್ಚಿಕೊಂಡರು. ಅಂಗಳದಲ್ಲಿ ನಿಂತು ಶಿಖರದ ಫೋಟೋ ತೆಗೆದರು, ಕೆಳಗಿನಿಂದ, ಕ್ಯಾಲೆಂಡರಿನಲ್ಲಿ ಇದ್ದಂತೆ. ಅಪ್ಪನಿಗೆ ಫೋನ್ ಮಾಡಲಿಲ್ಲ.

ಜೂನ್ ಕೊನೆಯಲ್ಲಿ ಅವರನ್ನು ಬೀಳ್ಕೊಡಲು ಕನ್ನಡದವರು ನಲವತ್ತು ಜನ ಸೇರಿದೆವು. ಬಿಸಿಬೇಳೆಬಾತ್, ಚಾಚಾನ ಹೆಂಡತಿ ಚಾಚಿ ಮಾಡಿದ ಬಿರಿಯಾನಿ, ನಂತರ ನನ್ನ ಕಾರ್ಯಕ್ರಮ: 'ಹಿಮದಲ್ಲಿ ಚಾಚಾ'. ಅಷ್ಟರಲ್ಲಿ ಅದು ಹದಿನೈದು ನಿಮಿಷಕ್ಕೆ ಬೆಳೆದಿತ್ತು. ಅದರಲ್ಲಿ ನಾನು ಧೀರ, ಅವರನ್ನು ಹೆಚ್ಚುಕಡಿಮೆ ಹೊತ್ತು ತರುತ್ತೇನೆ. ನಿಜವಾದ ಗಂಟೆ ಇದ್ದರೆ ಚೆನ್ನಾಗಿರುತ್ತದೆ ಎಂದು ಅವರನ್ನೇ ಕೇಳಿದ್ದೆ. "ಜ್ವಾಕಿ, ಅಪ್ಪಂದೈತಿ," ಎಂದು ಕೊಟ್ಟಿದ್ದರು. ಮೊದಲ ಸಾಲಿನಲ್ಲಿ ಕೂತು ನಕ್ಕರು. ಪಕ್ಕದಲ್ಲಿ ಚಾಚಿ ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಅಂಥ ಚಪ್ಪಾಳೆ ನನಗೆ ಮತ್ತೆ ಬಿದ್ದಿಲ್ಲ.

ಗಂಟೆ ಹಿಂದಿರುಗಿಸುವಾಗ ಏನಾದರೂ ಹೇಳಬೇಕೆಂದಿದ್ದೆ. ಸುತ್ತ ಜನ ಇದ್ದರು... ಹೇಳಲಿಲ್ಲ.

ಚಾಚಾ ತೀರಿಕೊಂಡ ಸುದ್ದಿ ಹೋದ ಚಳಿಗಾಲದಲ್ಲಿ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ. ಚಾಚಿಗೆ ಫೋನ್ ಮಾಡಿದ್ದು ಮಾತ್ರ ಈಗ, ಡಬ್ಬಿ ಸಿಕ್ಕ ಮೇಲೆ, ಸೈಕಲ್ ಕೋಣೆಯ ಮೆಟ್ಟಿಲ ಮೇಲೆ ಕೂತು.

"ಯಾರು... ಹಾಂ, ಮಿಮಿಕ್ರಿ ತಮ್ಮಾ. ಅರಾಮದಿ?" ದನಿ ಸಣ್ಣಗಾಗಿತ್ತು. ಊಟ, ಮಳೆ, ಅವರ ಮಂಡಿನೋವು ಎಲ್ಲ ಆದ ಮೇಲೆ ಅವರೇ ಆ ಮಾತು ತೆಗೆದರು. "ಆ ಗುಡ್ಡದ್ದು ಹೇಳಿ ಹೇಳಿ ಕಡೀತನಾ ಕಾಡೀನಿ ಅವರನ್ನ. ಮಾಳಗಿ ಹತ್ತಾಕ ಹೋದ್ರ ಸಾಕು, ರೀ ಗಂಟಿ ತಗೊಂಡ ಹೋಗ್ರಿ ಅಂತಿದ್ದೆ."

"ಏನಂತಿದ್ರು?"

"ಏನಂತಾರ. ನಗೋರು."

ಚಾಚಾ ನಿಜವನ್ನು ಹೆಂಡತಿಗೂ ಹೇಳಿರಲಿಲ್ಲ. ಕೊನೆಯವರೆಗೂ.

"ಚಾಚಿ, ಅವತ್ತು ಹೆದರಿದ್ದು ಅವರಲ್ಲ," ಎಂದೆ. "ನಾನು." ಗಂಟು ಹಾಕದೆ ಬಿಟ್ಟದ್ದು, ಜಾರಿದ್ದು, ಅವರು ಶಿಲುಬೆ ನೋಡಿದ್ದು, ಇನ್ನೂರು ಸಲ ಗಂಟೆ ಹೊಡೆದದ್ದು... ಎಲ್ಲ ಹೇಳಿದೆ. ನನ್ನದೇ ದನಿಯಲ್ಲಿ.



"ಒಳ್ಳೇಂವ ಅದಿ ತಮ್ಮಾ," ಎಂದರು ಚಾಚಿ. "ಹೋದವರ ಮಾನ ಕಾಯಾಕ ಹಿಂಗ ಹೇಳಾಕತ್ತಿ."

"ಇಲ್ಲ ಚಾಚಿ, ನಿಜವಾಗ್ಲೂ."

"ನಾ ನೋಡೀನಲ್ಲಪಾ. ಅವರು ಹೆಂಗ ನಡುಗಿದ್ರು, ಹೆಂಗ ಒದರಿದ್ರು, ಕಣ್ಣಾರೆ ನೋಡೀನಿ."

ಅವರು ನೋಡಿದ್ದು ಬೀಳ್ಕೊಡುಗೆಯ ದಿನದ ನನ್ನನ್ನು. ಅಷ್ಟು ಚೆನ್ನಾಗಿ ಮಾಡಿದ್ದೆ.

"ಒಮ್ಮಿ ಮಾಡು," ಎಂದರು. "ಅವರ ದನಿ ಕೇಳಿ ಭಾಳ ದಿನಾತು."

ನಾನು ಮೆಟ್ಟಿಲ ಮೇಲೆ ನೆಟ್ಟಗೆ ಕೂತು, ಹೊಟ್ಟೆಯಿಂದ ದನಿ ತೆಗೆದೆ. "ಗಂಟಿ ಹೊಡದ್ರ ಒಂದ್ ಹೆಜ್ಜಿ. ಕೆಳಗ ನೋಡಬ್ಯಾಡ, ನನ್ನ ಟೊಪಗಿ ನೋಡು. ಹಲ್ಲೂ... ಹಲ್ಲೂ..." ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ.

ಚಾಚಿ ಕೇಳಿದರು. ಆಮೇಲೆ ಹೇಳಿದರು, "ಇದಲ್ಲಪಾ. ಆ ಅಂಜಿದ್ದು ಮಾಡು."

ಮಾಡಿದೆ. ಯಾ ಅಲ್ಲಾ, ಗದಗ ಕಾಣಾಕತ್ತೈತಿ. ಚಾಚಿ ನಕ್ಕರು, ನಕ್ಕು ನಕ್ಕು ಕೆಮ್ಮಿದರು, ಮತ್ತೆ ಫೋನ್ ಮಾಡು ಎಂದು ಇಟ್ಟರು.

ನ್ಯೂವೆಗೈನ್‌ನ ಹೊಸ ಮನೆಗೆ ಸಾಮಾನು ಒಯ್ಯುವ ವ್ಯಾನು ಹೊರಗೆ ಹಾರ್ನ್ ಹೊಡೆಯಿತು. ಚಾಚಾ ಇಲ್ಲ. ಅವರು ಹೆದರದೆ ನನ್ನ ಪಕ್ಕದಲ್ಲಿ ಕೂತಿದ್ದ ಮಧ್ಯಾಹ್ನಕ್ಕೆ ಇನ್ನೊಬ್ಬ ಸಾಕ್ಷಿಯೂ ಇಲ್ಲ. ಇರುವವನು ನಾನೊಬ್ಬ, ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಚೈನನ್ನು ಡಬ್ಬಿಗೆ ಹಾಕಿದೆ. ಮುಚ್ಚಳ ಸಡಿಲವಾಗಿತ್ತು. ದಾರ ಸುತ್ತಿ ಒಂದು ಗಂಟು ಹಾಕಿದೆ. ವ್ಯಾನಿನವನು ಮತ್ತೊಮ್ಮೆ ಹಾರ್ನ್ ಹೊಡೆದ. ಕೂತುಕೊಂಡೇ ಇನ್ನೆರಡು ಹಾಕಿದೆ.